ಸೈಕಲ್ ಕ್ಯಾರಿಯರ್ ಮುರಿದ್ರೆ ವೆಲ್ಡಿಂಗ್ ಶಾಪಿಗೆ ಓಡ್ಬೇಡಿ, ಮೊದ್ಲು ಫೋಟೋ ತೆಗೀರಿ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ, ನಮ್ಮನೆಗೆ, ತಿಂಗಳಿಗೆ ಎರಡು ಸಲ ಸೈಕಲ್ಲಲ್ಲೇ ಹೋಗ್ತೀನಿ, ಸುಮಾರು 60 ಕಿಲೋಮೀಟರ್. ಹೋದ ಮಳೆಗಾಲದಲ್ಲಿ ಸಕ್ರೆಬೈಲು ದಾಟಿ ಮಂಡಗದ್ದೆ ಹತ್ರ ಬರ್ತಿದ್ದಂಗೆ ಹಿಂದೆ ಟಕ್ ಅಂತು, ಇಳಿದು ನೋಡಿದ್ರೆ ಬ್ಯಾಗು ಮಡ್‌ಗಾರ್ಡ್ ಮೇಲೆ ಕೂತಿದೆ, ಅಲ್ಯುಮಿನಿಯಂ ಕ್ಯಾರಿಯರ್‌ನ ಎಡಗಡೆ ಕಾಲು ವೆಲ್ಡಿಂಗ್ ಹತ್ರಾನೇ ಮುರಿದಿದೆ. ತಗೊಂಡು ಏಳೇ ತಿಂಗಳು. ಹಳೇ ಟ್ಯೂಬಲ್ಲಿ ಬಿಗಿದು ಕಟ್ಕೊಂಡು ಹೆಂಗೋ ಮನೆ ಸೇರ್ದೆ.

ಅಪ್ಪ "ಪೇಟೇಲಿ ಒಂದು ವೆಲ್ಡಿಂಗ್ ಹೊಡಿಸ್ಕೊಂಡು ಬಾರೋ" ಅಂದ್ರು. ಆದ್ರೆ ಗೇಟು ಗ್ರಿಲ್ಲು ಮಾಡೋ ಮಾಮೂಲಿ ವೆಲ್ಡಿಂಗ್ ಅಲ್ಯುಮಿನಿಯಂಗೆ ಹಿಡಿಯಲ್ಲ, ಆರ್ಗಾನ್ ಗ್ಯಾಸ್ ಬಿಟ್ಕೊಂಡು ಮಾಡೋ ಟಿಗ್ ವೆಲ್ಡಿಂಗ್ ತರದ್ದು ಬೇಕು, ಅದೂ ಅಲ್ದೆ ನಾವು ಒಂದ್ಸಲ ಕೈ ಹಾಕಿದ್ವಿ ಅಂದ್ರೆ ಕಂಪನಿಯವ್ರು ವಾರಂಟಿ ಇಲ್ಲ ಅಂತಾರೆ.

ಮುರಿದ ಜಾಗ ಒರೆಸಿ ಮೊಬೈಲ್ ಟಾರ್ಚ್ ಬಿಟ್ಟು ನೋಡ್ದೆ. ವೆಲ್ಡಿಂಗ್ ಒಳಗೆಲ್ಲ ಸಾಸಿವೆಗಿಂತ ಸಣ್ಣ ಸಣ್ಣ ತೂತು, ನೀರ್‌ದೋಸೆ ಮೇಲೆ ಇರುತ್ತಲ್ಲ ಹಂಗೆ. ವೆಲ್ಡ್ ಮಾಡುವಾಗ ಒಳಗೆ ಗ್ಯಾಸ್ ಸಿಕ್ಕಾಕ್ಕೊಂಡ್ರೆ ಹಿಂಗಾಗುತ್ತೆ, ಅದು ತಯಾರಿಕೆಯ ದೋಷ, ನಮ್ದಲ್ಲ. ಹತ್ತಿರದಿಂದ ನಾಲ್ಕು ಫೋಟೋ ತೆಗೆದು ಬಿಲ್ ಜೊತೆ ಕಂಪನಿಗೆ ಮೇಲ್ ಮಾಡ್ದೆ.

ಬಂದ ಉತ್ತರ, "ಓವರ್‌ಲೋಡ್, ವಾರಂಟಿ ಬರಲ್ಲ". ತುಂಬಾ ಬೇಜಾರಾಯ್ತು, ಒಬ್ರೂ ನೋಡ್ದೆ ಹೆಂಗೆ ಹೇಳ್ತಾರೆ? ಅದೇ ಬ್ಯಾಗನ್ನ ಅಡಿಕೆ ತೂಗೋ ತಕ್ಕಡಿ ಮೇಲಿಟ್ಟೆ, 11 ಕೆಜಿ. ಕ್ಯಾರಿಯರ್ ಮೇಲೆ ಅವ್ರೇ 25 ಕೆಜಿ ಅಂತ ಅಚ್ಚು ಹಾಕಿದಾರೆ. ಎರಡರ ಫೋಟೋನೂ ಕಳಿಸಿ, ಆಗಲ್ಲ ಅಂದ್ರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡ್ತೀನಿ ಅಂತ ಬರೆದೆ. ಹನ್ನೆರಡು ದಿನಕ್ಕೆ ಹೊಸದು ಬಂತು. ಮುರಿದಿದ್ದನ್ನ ವಾಪಸ್ ಕೇಳಿದ್ರು, ಎಸೀದೆ ಇಟ್ಟಿದ್ದು ಒಳ್ಳೇದಾಯ್ತು.

ನಮ್ಮ ಕಡೆಯಿಂದ ತಪ್ಪಾಗೋದೂ ಉಂಟು. ಒಂದು ಬೋಲ್ಟ್ ಸಡಿಲ ಆದ್ರೆ ಭಾರ ಎಲ್ಲ ಇನ್ನೊಂದು ಕಾಲಿಗೆ ಬಿದ್ದು ಮುರಿಯುತ್ತೆ, ಅದಕ್ಕೆ ಕಂಪನಿನ ಕೇಳೋಕಾಗಲ್ಲ. ಹಿಂದೆ ಮಕ್ಕಳನ್ನ ಕೂರಿಸೋದಂತೂ ಬೇಡವೇ ಬೇಡ. ನಾನೀಗ ಬೋಲ್ಟ್ ತಲೆಯಿಂದ ಫ್ರೇಮ್ ತನಕ ಅಕ್ಕನ ನೇಲ್ ಪಾಲಿಶಲ್ಲಿ ಒಂದು ಗೆರೆ ಎಳೆದಿದೀನಿ, ಗೆರೆ ಜೋಡಿ ತಪ್ಪಿದ್ರೆ ಬೋಲ್ಟ್ ತಿರುಗಿದೆ ಅಂತ ಅರ್ಥ. ಹೋದ ವಾರ ಗಾಜನೂರಲ್ಲಿ ಟೀ ಕುಡಿಯೋಕೆ ನಿಂತಾಗ ನೋಡಿದ್ರೆ ಬಲಗಡೆ ಗೆರೆ ತಪ್ಪಿತ್ತು, 4 ಎಂಎಂ ಅಲೆನ್ ಕೀ (ಆರು ಮೂಲೆಯ ಸಣ್ಣ ಪಾನಾ) ತಗೊಂಡು ಅಲ್ಲೇ ಬಿಗಿ ಮಾಡ್ಕೊಂಡು ಹೊರಟೆ.