ನಿಮ್ಮ ನಾಟಕದಲ್ಲಿ ಕಣ್ಣು ಕಾಣದವಳ ಪಾತ್ರ ಬರೆಯುವುದು ಹೇಗೆ

ಮಂಗಳೂರಿನಲ್ಲಿ ಬ್ಯಾಂಕ್ ಕೆಲಸ ನನ್ನದು. ಕಣ್ಣು ಕಾಣುವುದಿಲ್ಲ. ಕಾಲೇಜು ಡೇ ನಾಟಕ, ಯುವಕ ಮಂಡಲದ ವಾರ್ಷಿಕೋತ್ಸವದ ನಾಟಕ, ಕಿರುಚಿತ್ರ ಅಂತ ಬರೆಯುವ ಹುಡುಗ ಹುಡುಗಿಯರು "ಅಕ್ಕ, ಇದರಲ್ಲಿ ಕಣ್ಣು ಕಾಣದವರ ಒಂದು ಪಾತ್ರ ಉಂಟು, ಸರಿ ಉಂಟಾ ಹೇಳ್ತೀರಾ?" ಅಂತ ಸ್ಕ್ರಿಪ್ಟ್ ಕಳಿಸುತ್ತಾರೆ. ಅವರಿಗೆ ಹೇಳುತ್ತಾ ಬಂದದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಆ ಪಾತ್ರಕ್ಕೆ ಏನು ಬೇಕು ಅಂತ ಯೋಚಿಸಿ. ದೃಷ್ಟಿ ಬೇಕು ಅನ್ನುವುದನ್ನು ಬಿಟ್ಟು ಬೇರೆ ಏನಾದರೂ. ತಮ್ಮನ ಮದುವೆಗೆ ಸಾಲ ಎತ್ತಬೇಕು, ಸುರತ್ಕಲ್‌ನಲ್ಲಿ ಬಾಡಿಗೆ ಮನೆ ಹಿಡಿಯಬೇಕು, ದೊಡ್ಡಪ್ಪನ ಮಕ್ಕಳ ಜೊತೆಗಿನ ಜಾಗದ ತಕರಾರು ಮುಗಿಯಬೇಕು, ಇಂಥದ್ದು. ನನಗೆ ಬರುವ ಹೆಚ್ಚಿನ ಸ್ಕ್ರಿಪ್ಟುಗಳಲ್ಲಿ ಆ ಹುಡುಗಿಗೆ ಕೆಲಸವಿಲ್ಲ, ಗೆಳತಿಯರಿಲ್ಲ, ಸಿಟ್ಟೂ ಬರುವುದಿಲ್ಲ. ನಾಯಕ ಎಷ್ಟು ಒಳ್ಳೆಯವನು ಅಂತ ತೋರಿಸಲು ಮಾತ್ರ ಅವಳು ಇರುತ್ತಾಳೆ. ಅವನು ರಸ್ತೆ ದಾಟಿಸುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ, ಅಲ್ಲಿಗೆ ಮುಗಿಯಿತು. ಅವಳಿಗೆ ಕಣ್ಣು ಕಾಣುತ್ತದೆ ಅಂತ ಇಟ್ಟುಕೊಂಡು ಸ್ಕ್ರಿಪ್ಟನ್ನು ಇನ್ನೊಮ್ಮೆ ಓದಿ. ಆಗ ಅವಳಿಗೆ ಆಡಲು ಮಾತೇ ಉಳಿಯದಿದ್ದರೆ ಪಾತ್ರವನ್ನು ಹೊಸದಾಗಿ ಬರೆಯಬೇಕು.

ನಾವೆಲ್ಲ ಯಕ್ಷಗಾನದ ಆಟ ನೋಡಿ, ತಾಳಮದ್ದಲೆ ಕೇಳಿ ಬೆಳೆದವರು. ಮಂಥರೆಯ ಗೂನು ಕಂಡ ಕೂಡಲೇ ಇವಳು ಕೆಟ್ಟವಳು ಅಂತ ತಿಳಿಯುತ್ತದೆ. ಧೃತರಾಷ್ಟ್ರನ ಕುರುಡನ್ನು ಮಗನ ಮೇಲಿನ ಮೋಹಕ್ಕೆ ಜೋಡಿಸುವುದು ನಮಗೆ ರೂಢಿ. ಅಷ್ಟಾವಕ್ರ ಇದಕ್ಕೆ ಹೊರತು ಅಂತ ನನಗೆ ಅವನ ಮೇಲೆ ಪ್ರೀತಿ. ಮೈ ಎಂಟು ಕಡೆ ಡೊಂಕು. ಜನಕನ ಆಸ್ಥಾನಕ್ಕೆ ಹೋಗಿ ಬಂದಿ ಎಂಬ ಪಂಡಿತನನ್ನು ವಾದದಲ್ಲಿ ಸೋಲಿಸಿದವನು. ಆದರೆ ಮಹಾಭಾರತದಲ್ಲಿ ಅವನನ್ನೂ ಕೊನೆಗೆ ಸಮಂಗಾ ನದಿಯಲ್ಲಿ ಮುಳುಗಿಸಿ ಮೈ ನೆಟ್ಟಗೆ ಮಾಡುತ್ತಾರೆ. ವಾದ ಗೆದ್ದದ್ದು ಸಾಕಾಗಲಿಲ್ಲ ಅಲ್ವಾ?

ಸಿನಿಮಾದಲ್ಲಿ ಆ ನದಿಯ ಬದಲು ಆಪರೇಷನ್ ಬರುತ್ತದೆ. ಕಣ್ಣಿನ ಪಟ್ಟಿ ಬಿಚ್ಚುತ್ತಾರೆ, ಮೊದಲು ಕಾಣುವುದು ನಾಯಕನ ಮುಖ. ದಯವಿಟ್ಟು ಇದನ್ನು ಬಿಡಿ. ನೇತ್ರದಾನದಲ್ಲಿ ಬದಲಿಸಲು ಆಗುವುದು ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ ಮಾತ್ರ, ಇಡೀ ಕಣ್ಣಲ್ಲ. ಕಣ್ಣಿನ ನರವೋ ಒಳಗಿನ ರೆಟಿನಾ ಪರದೆಯೋ ಹಾಳಾದವರಿಗೆ ಅದರಿಂದ ದೃಷ್ಟಿ ಬರುವುದಿಲ್ಲ. ಅವಳನ್ನು ಸಾಯಿಸಿ ಕಥೆ ಮುಗಿಸುವುದೂ ಬೇಡ. ಸಾಲ ಸಿಕ್ಕಿತೋ ಇಲ್ಲವೋ, ಕಥೆ ಅದರಲ್ಲೇ ಮುಗಿಯಲಿ.

ಇನ್ನು ನಡೆ, ಚಲನೆ. ಹೆಚ್ಚು ತಪ್ಪಾಗುವುದು ಇಲ್ಲೇ. ಎರಡೂ ಕೈ ಚಾಚಿ ಗಾಳಿ ತಡಕುವ ನಟನೆ ಬೇಡ, ನಾವು ಹಾಗೆ ನಡೆಯುವುದಿಲ್ಲ. ಬಿಳಿ ಕೋಲಿನ ತುದಿ ಯಾವಾಗಲೂ ಕಾಲಿಗೆ ಎದುರು ದಿಕ್ಕಿನಲ್ಲಿ ಹೋಗುತ್ತದೆ. ಎಡಗಾಲು ಮುಂದೆ ಇಟ್ಟಾಗ ಕೋಲು ಬಲಕ್ಕೆ, ಬಲಗಾಲು ಇಟ್ಟಾಗ ಎಡಕ್ಕೆ. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ನೋಡಿರುತ್ತದೆ. ಚರಂಡಿಯ ಚಪ್ಪಡಿ ಎದ್ದುಹೋದ ಫುಟ್‌ಪಾತ್‌ನಲ್ಲಿ ಇದೇ ನಮ್ಮನ್ನು ಕಾಯುವುದು. ನಟಿಗೆ ಇದನ್ನು ರಿಹರ್ಸಲ್‌ನಲ್ಲಿ ಕಲಿಸಿ, ಕಾಲಿಗೆ ಅಭ್ಯಾಸವಾಗಲಿ. ಜೊತೆಗೆ ಯಾರಾದರೂ ಇದ್ದರೆ ಅವರು ನಮ್ಮ ಕೈ ಹಿಡಿದು ಎಳೆಯುವುದಲ್ಲ. ನಾವು ಅವರ ಮೊಣಕೈಯ ಸ್ವಲ್ಪ ಮೇಲೆ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯುತ್ತೇವೆ. ಮೆಟ್ಟಿಲು ಬಂದದ್ದು ಅವರ ಮೈ ಏರಿಳಿದಾಗಲೇ ಗೊತ್ತಾಗುತ್ತದೆ.

ಬಸ್ಸಿನ ದೃಶ್ಯ ಇದ್ದರೆ ಕಂಡಕ್ಟರಿಗೆ ಮಾತು ಕೊಡಿ. "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" (ಮಂಗಳೂರಿನ ಒಂದು ಬಸ್‌ಸ್ಟ್ಯಾಂಡಿನ ಹೆಸರು) ಅಂತ ಅವರು ಕೂಗುವುದರಿಂದಲೇ ನನಗೆ ಬಸ್ಸು ಯಾವುದು ಅಂತ ತಿಳಿಯುತ್ತದೆ. ಕೂಗುವವರಿಲ್ಲದ ಊರಿಗೆ ಹೋದರೆ ಪ್ರತಿ ಬಸ್ಸಿಗೂ ಯಾರನ್ನಾದರೂ ಕೇಳಬೇಕು. ಅವಳ ಕೈಯಲ್ಲಿ ಮೊಬೈಲ್ ಇರಲಿ. ಪರದೆಯ ಮೇಲಿನದ್ದನ್ನು ಅದರೊಳಗಿನ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ, ಪಕ್ಕದವರಿಗೆ ಒಂದು ಅಕ್ಷರ ಅರ್ಥವಾಗದಷ್ಟು ವೇಗವಾಗಿ. ನೋಟು ಎಷ್ಟರದ್ದು ಅಂತ ಹೇಳಲು ರಿಸರ್ವ್ ಬ್ಯಾಂಕಿನ ಮಣಿ ಆ್ಯಪ್ 2020ರಿಂದ ಇದೆ.

ಮಲ್ಲಿಗೆಯ ಪರಿಮಳದಿಂದ ನಾಯಕಿಯನ್ನು ಗುರುತು ಹಿಡಿಯುವ ದೃಶ್ಯವನ್ನು ತೆಗೆದುಬಿಡಿ. ಶಂಕರಪುರದ ಮಲ್ಲಿಗೆ ಮುಡಿದವರು ಉಡುಪಿ ಬಸ್ಸಿನಲ್ಲಿ ಪ್ರತಿ ಸೀಟಿನಲ್ಲೂ ಇರುತ್ತಾರೆ. ನಾವು ಗುರುತಿಸುವುದು ದನಿಯಿಂದ. ತಿಳಿಯದಿದ್ದರೆ "ಯಾರು?" ಅಂತ ಕೇಳುತ್ತೇವೆ. ಎಷ್ಟೋ ಜನ ಎದುರು ನಿಂತು "ನಾನು ಯಾರು ಹೇಳಿ ನೋಡುವ!" ಅಂತ ಪರೀಕ್ಷೆ ಮಾಡುತ್ತಾರೆ. ಮನಸ್ಸಿಗೆ ಬಹಳ ಕಿರಿಕಿರಿ. ಅದನ್ನು ನಾಟಕಕ್ಕೆ ಹಾಕಿ, ಅವಳಿಗೆ ಸಿಟ್ಟೂ ಬರಲಿ.

ತುಳು ನಾಟಕಗಳಲ್ಲಿ ತೊದಲು ಮಾತಿಗೆ, ಕಿವಿ ಕೇಳದವರಿಗೆ ನಗುವುದು ಹಳೆಯ ಅಭ್ಯಾಸ. ನಗು ಬೇಡ ಅಂತ ನಾನು ಹೇಳುತ್ತಿಲ್ಲ. ಜೋಕನ್ನು ಆ ಪಾತ್ರವೇ ಹೇಳಲಿ. 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಒಂದು ಸಿನಿಮಾದ ಪ್ರಕರಣದಲ್ಲಿ ಇದನ್ನೇ ಬಿಡಿಸಿ ಹೇಳಿದೆ: ಅಂಗವಿಕಲರನ್ನು ಕೀಳಾಗಿಸುವ ಹಾಸ್ಯ ಬೇರೆ, ಅವರ ಬದುಕನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ, ಅದನ್ನೂ ಓದಿ. ನಾನು ಹೇಳಿದ್ದು ಒಂದು ಬಗೆಯದ್ದು ಮಾತ್ರ.

ಸಾಕ್ಷ್ಯಚಿತ್ರ ಮಾಡುವವರಿಗೆ ಇನ್ನೊಂದು ಮಾತು. ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಕಡೆ ಹೋಗಿ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದ ಮಕ್ಕಳು ಚಾಪೆಯ ಮೇಲೆ ಮಲಗಿದ್ದನ್ನು ಮೇಲಿನಿಂದ ತೆಗೆದು, ಹಿಂದೆ ಕೊಳಲು ನುಡಿಸಿ ಬಿಡುತ್ತಾರೆ. ನೋಡಿದವರು ವಿಧಿ ಅಂದುಕೊಳ್ಳುತ್ತಾರೆ. ಅದು ವಿಧಿಯಲ್ಲ. ಗೇರು ತೋಪುಗಳ ಮೇಲೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ ವಿಷ. ದೇಶದಲ್ಲೆಲ್ಲ ಅದನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು 2011ರಲ್ಲಿ. ಕ್ಯಾಮೆರಾವನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿಸಿ. ಯಾರು ಸಿಂಪಡಿಸಿದರು, ಪಿಂಚಣಿ ಸರಿಯಾಗಿ ಬರುತ್ತದಾ, ಅಮ್ಮನಿಗೆ ರಾತ್ರಿ ನಿದ್ದೆ ಇದೆಯಾ ಅಂತ ಕೇಳಿ.

ಬರೆದದ್ದನ್ನು ಆ ಬದುಕು ಗೊತ್ತಿರುವವರಿಗೆ ಓದಲು ಕೊಡಿ. ಯುನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ. ಪುಟದ ಫೋಟೊ ಕಳಿಸಿದರೆ ಓದಿಸಿಕೊಳ್ಳಲು ನಾವು ಕಷ್ಟಪಡಬೇಕು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದರೆ ಸ್ಕ್ರೀನ್ ರೀಡರ್ ಏನೇನೋ ಅಕ್ಷರ ಒದರುತ್ತದೆ. ಸಮಯ ಕೊಟ್ಟವರಿಗೆ ಸಂಭಾವನೆ ಕೊಡಿ. ಪ್ರದರ್ಶನಕ್ಕೆ ಕರೆಯುವ ಮೊದಲು ಸಭಾಂಗಣಕ್ಕೆ ವೀಲ್‌ಚೇರ್ ಹೋಗುತ್ತದಾ ನೋಡಿ. ನನ್ನಂಥವರು ಬಂದರೆ ಪಕ್ಕದಲ್ಲಿ ಒಬ್ಬರನ್ನು ಕೂರಿಸಿ. ರಂಗದ ಮೇಲೆ ಮಾತಿಲ್ಲದೆ ನಡೆಯುವುದನ್ನು ಅವರು ಮೆಲ್ಲಗೆ ಹೇಳುತ್ತಿದ್ದರೆ ಸಾಕು.