ಕುರಿ ಮೇಯೋ ಹೊಲದಲ್ಲಿ ಕೆರೆ ಏರಿ ಹುಡುಕಿದ್ದು

ನಾನು ಕೋಲಾರದ ಕಡೆಯವ್ನು, ಈಗಿರೋದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಇಲ್ಲೇ ಹತ್ರ ರಟ್‌ಲಂಡ್‌ನ ಲಿಡಿಂಗ್ಟನ್‌ನಲ್ಲಿ ಲಿಂಕನ್ ಬಿಷಪ್ಪರ ಹಳೇ ಮನೆ ಇದೆ, ಅಲ್ಲಿ ಹುಲ್ಲು ಬೆಳೆದ ಉದ್ದುದ್ದ ದಿಬ್ಬ ನೋಡ್ತಿದ್ದ ಹಾಗೇ ಇದು ಏರಿನೇ ಅನ್ನಿಸ್ತು. ಮಧ್ಯಯುಗದ ಮೀನಿನ ಕೊಳಗಳವು. ಆಗ ಕ್ರೈಸ್ತರು ಶುಕ್ರವಾರ, ಈಸ್ಟರ್‌ಗೆ ಮುಂಚಿನ ಉಪವಾಸ ಕಾಲವಾದ ಲೆಂಟ್‌ನ 40 ದಿನ, ಇನ್ನೂ ಎಷ್ಟೋ ದಿನ ಮಾಂಸ ಮುಟ್ಟೋ ಹಾಗಿರ್ಲಿಲ್ಲ, ಅದಕ್ಕೇ ದೊಡ್ಡವರ ಮನೆಗೆ ಬ್ರೀಮ್, ಪೈಕ್, ಟೆಂಚ್ ಅನ್ನೋ ಸಿಹಿನೀರಿನ ಮೀನು ಸಾಕೋರು. ಬಡವರಿಗೆ ಉಪ್ಪು ಹಾಕಿದ ಹೆರಿಂಗ್ ಅನ್ನೋ ಸಮುದ್ರದ ಮೀನು.

ಆಮೇಲೆ ಇಂಥದ್ದೇ ಒಂದನ್ನ ನಾನೇ ಅಳೀಬೇಕು ಅನ್ನಿಸಿ, ಇಲ್ಲಿನ ಸರ್ಕಾರಿ ಪರಿಸರ ಸಂಸ್ಥೆ ಎನ್ವಿರಾನ್ಮೆಂಟ್ ಏಜೆನ್ಸಿ ಫ್ರೀಯಾಗಿ ಕೊಡೋ 1 ಮೀಟರ್ ಲೈಡಾರ್ ಡೇಟಾ (ವಿಮಾನದಿಂದ ಲೇಸರ್ ಬಿಟ್ಟು ನೆಲದ ಎತ್ತರ ಅಳೆದಿದ್ದು) ಇಳಿಸ್ಕೊಂಡು ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಹಾಕಿದೆ. ಇಲ್ಲೇ ಎರಡು ವಾರ ಹೋಯ್ತು. ಉಬ್ಬುತಗ್ಗು ಕಾಣಕ್ಕೆ ಕಂಪ್ಯೂಟರ್ ನಕ್ಷೆ ಮೇಲೆ ವಾಯವ್ಯದಿಂದ ಮಾತ್ರ ಕೃತಕ ಬೆಳಕು ಬಿಟ್ಟಿದ್ದೆ, ಏರಿನೂ ಅದೇ ದಿಕ್ಕಿಗೆ ಓಡಿತ್ತು, ನೆರಳೇ ಬೀಳದೆ ಕಾಣಿಸ್ಲೇ ಇಲ್ಲ. ಬೆಳಕಿನ ದಿಕ್ಕು ಬದಲಾಯಿಸ್ತಿದ್ದ ಹಾಗೇ ಇಡೀ ಏರಿ ಎದ್ದು ಬಂತು.

ಹೊಲದವರನ್ನ ಕೇಳ್ಕೊಂಡು ಜನವರೀಲಿ ಹೋದೆ. ಹುಲ್ಲು ಗಿಡ್ಡ ಇರತ್ತೆ, ಮಧ್ಯಾಹ್ನ ಮೂರಕ್ಕೆಲ್ಲ ಸೂರ್ಯ ಕೆಳಗಿಳಿದು ಮೊಣಕಾಲೆತ್ತರದ ದಿಬ್ಬಕ್ಕೂ ಉದ್ದ ನೆರಳು. 30 ಮೀಟರ್ ಟೇಪು, ಬಿದಿರು ಕಡ್ಡಿ, ಡ್ರಾಯಿಂಗ್ ಬೋರ್ಡು, ಅಷ್ಟೇ ಸಾಮಾನು. ಏರಿ ಮೇಲೆ ಐದೈದು ಮೀಟರಿಗೆ ಕಡ್ಡಿ ನೆಟ್ಕೊಂಡು ಹೋಗ್ತಾ ನಡೂಮಧ್ಯೆ ಒಂದು ಕಡಿತ ಸಿಕ್ತು, ಅಗಲ ಎರಡೂವರೆ ಮೀಟರ್, ಒಳಗಡೆ ಜೊಂಡು, ಬೂಟು ಹೂತೋಗೋಷ್ಟು ಕೆಸರು, ಹೊರಗಡೆ ಹಳ್ಳಕ್ಕೆ ಇಳಿಯೋ ಕಾಲುವೆ. ತೂಬು ಇದ್ದ ಜಾಗ ಅದೇ ಅಂತ ನನ್ನ ಅಂದಾಜು, ಯಾಕಂದ್ರೆ ಕೊಳದ ಅತಿ ತಗ್ಗು ಜಾಗ ಅದು, ಕೆಲವು ವರ್ಷಕ್ಕೊಮ್ಮೆ ಮರದ ತೂಬು ಎತ್ತಿ ನೀರೆಲ್ಲ ಬಿಟ್ಟು ಮೀನು ಹಿಡಿದು ಹೂಳು ತೆಗೀತಿದ್ರು.

ನಂಗೆ ತುಂಬಾ ಇಷ್ಟ ಆಗಿದ್ದು ಪಕ್ಕದ ಕಾಲುವೆ. ಇಳಿಜಾರಿನ ಅಂಚು ಹಿಡಿದು ಕೊಳ ಬಳಸ್ಕೊಂಡು ಹೋಗತ್ತೆ, ಮಳೆಗಾಲದ ಹೆಚ್ಚುವರಿ ನೀರನ್ನ ಹಂಗೇ ದಾಟಿಸಕ್ಕೆ. ನಮ್ಮಲ್ಲಿ ಕೋಡಿ ಮಾಡೋ ಕೆಲಸಾನೇ, ಅದಿಲ್ದಿದ್ರೆ ಏರಿ ಒಡೆದು ಸಾಕಿದ ಮೀನೆಲ್ಲ ಹೊಳೆ ಪಾಲು. ಕೆಳಗೆ ಮಂಚದಷ್ಟಗಲದ ಮೂರು ಉದ್ದ ಗುಂಡಿ ಸಾಲಾಗಿವೆ, ದೊಡ್ಡ ಕೊಳದಲ್ಲಿ ಹಿಡಿದ ಮೀನನ್ನ ಅಡುಗೆಗೆ ಬೇಕಾಗೋವರೆಗೂ ಜೀವಂತ ಇಡಕ್ಕೆ ಇಂಥವನ್ನ ತೋಡ್ತಿದ್ರು.

ನೀವೂ ಅಳೆಯೋದಾದ್ರೆ ಜಾಗ ಸಂರಕ್ಷಿತ ಸ್ಮಾರಕನಾ ಅಂತ ಮೊದ್ಲು ನೋಡ್ಕೊಳಿ, ಅಲ್ಲಿ ಅಗೆಯೋಕೂ ಮೆಟಲ್ ಡಿಟೆಕ್ಟರ್ ಹಿಡಿಯೋಕೂ ಅನುಮತಿ ಬೇಕು. ನನ್ನ ನಕ್ಷೆ ಕೌಂಟಿಯ (ಇಲ್ಲಿನ ಜಿಲ್ಲೆಯ) ಹಳೇ ಜಾಗಗಳ ದಾಖಲೆಗೆ ಕೊಟ್ಟಿದೀನಿ. ಪಕ್ಕದ ಕಾಲುವೆ ಹಳ್ಳದಿಂದ ಕವಲೊಡೆಯೋ ಜಾಗ ಮುಳ್ಳುಪೊದೆ ಒಳಗಿದೆ, ಬರೋ ಚಳಿಗಾಲಕ್ಕೆ ಅದನ್ನ ಅಳೀಬೇಕು.