ಹಳೇ ಕಾರಿನ ಜೋರು ಎಂಜಿನ್‌ಗೆ ಯಾವ ಪೆಟ್ರೋಲ್?

ಹಳೇ ಕಾಂಟೆಸಾ, ಟ್ಯೂನ್ ಮಾಡಿಸಿದ ಪದ್ಮಿನಿ, ಜೋಡಿ ಕಾರ್ಬುರೇಟರ್ ಕೂರಿಸಿದ ಇನ್ಯಾವುದೋ ಕಾರು ಬಂಕಿಗೆ ಬಂದರೆ ಮಾಲೀಕರ ಕಣ್ಣು ಮೊದಲು ಹೋಗುವುದು ಬೋರ್ಡಿನ ಮೇಲಿನ ಸಂಖ್ಯೆಗೆ. 95 ಒಳ್ಳೆಯದು, 100 ಇನ್ನೂ ಒಳ್ಳೆಯದು ಎಂಬ ಲೆಕ್ಕ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಂಥ ಎತ್ತರದ ಊರುಗಳಲ್ಲಿ ಇಂಥ ಎಂಜಿನ್ನುಗಳು ಕೆಡುವುದು ಆಕ್ಟೇನ್ ಸಾಲದೆ ಅಲ್ಲ. ಪೆಟ್ರೋಲಿನಲ್ಲಿರುವ ಎಥನಾಲ್‌ಗೆ ಕಾರ್ಬುರೇಟರನ್ನೂ ರಬ್ಬರನ್ನೂ ಹೊಂದಿಸಿಕೊಳ್ಳದೆ ಓಡಿಸುವುದರಿಂದ. ಹಾಗಾಗಿ ಆಯ್ಕೆ ಬಂಕಿನಲ್ಲಿ ಶುರುವಾಗಬಾರದು, ಬಾನೆಟ್ ಎತ್ತಿ ಶುರುವಾಗಬೇಕು.

ಮೊದಲು ಕಂಪ್ರೆಶನ್ ಲೆಕ್ಕ

ಪಿಸ್ಟನ್ ಕೆಳಗಿದ್ದಾಗ ಸಿಲಿಂಡರಿನಲ್ಲಿರುವ ಜಾಗ, ಅದು ಮೇಲೆ ಬಂದಾಗ ಉಳಿಯುವ ಜಾಗದ ಎಷ್ಟು ಪಟ್ಟು ಎಂಬುದೇ ಕಂಪ್ರೆಶನ್ ರೇಶಿಯೊ. ಮ್ಯಾನ್ಯುಯಲ್ಲಿನಲ್ಲಿರುವುದು ಕಾರ್ಖಾನೆಯಿಂದ ಹೊರಬಂದ ದಿನದ್ದು. ಆಮೇಲೆ ಎಷ್ಟು ಸಲ ಹೆಡ್ ಫೇಸಿಂಗ್ (ಸಿಲಿಂಡರ್ ಹೆಡ್ಡಿನ ತಳ ಕೆರೆದು ಸಮ ಮಾಡುವುದು) ಆಗಿದೆ ಎಂಬುದು ಅದರಲ್ಲಿ ಇರುವುದಿಲ್ಲ. 1500 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ತೆಗೆದುಕೊಳ್ಳಿ: ಒಂದು ಸಿಲಿಂಡರಿಗೆ 375 ಸಿಸಿ. ರೇಶಿಯೊ 9 ಇದ್ದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 47 ಸಿಸಿ. ಫೇಸಿಂಗಿನಲ್ಲಿ 4.5 ಸಿಸಿ ಹೋಯಿತೆಂದರೆ ರೇಶಿಯೊ 9.8ಕ್ಕೆ ಏರಿತು. ಹೆಡ್ ಬಿಚ್ಚಿದ್ದಾಗಲೇ ಅಳೆದುಬಿಡಿ: ವಾಲ್ವ್, ಪ್ಲಗ್ ಕೂರಿಸಿ ಹೆಡ್ ಬೋರಲು ಹಾಕಿ, ಚೇಂಬರಿನ ಅಂಚಿಗೆ ಗ್ರೀಸ್ ಸವರಿ, ತೂತಿರುವ ಅಕ್ರಿಲಿಕ್ ಹಲಗೆ ಒತ್ತಿ, 50 ಎಂಎಲ್ ಸಿರಿಂಜಿನಿಂದ ತೆಳು ಎಣ್ಣೆ ತುಂಬಿಸಿ. ಹಿಡಿದ ಎಣ್ಣೆಯೇ ಚೇಂಬರಿನ ಅಳತೆ. ಗ್ಯಾಸ್ಕೆಟ್ ದಪ್ಪದ ಜಾಗವನ್ನೂ ಪಿಸ್ಟನ್ ತಲೆಯ ಗುಂಡಿಯನ್ನೂ ಅದಕ್ಕೆ ಕೂಡಿಸಿಕೊಳ್ಳಬೇಕು.

8.5ಕ್ಕಿಂತ ಕಡಿಮೆ ಇದ್ದರೆ 91 ಆಕ್ಟೇನ್ ಸಾಕು. 9.5ರವರೆಗೆ 95 ಧಾರಾಳ. 10 ದಾಟಿದರೆ ಮಾತ್ರ 97, 100ರ ಯೋಚನೆ. ಕಡಿಮೆ ಕಂಪ್ರೆಶನ್ನಿನ ಎಂಜಿನ್‌ಗೆ 100 ಆಕ್ಟೇನ್ ಹಾಕಿದರೆ ಒಂದು ಕುದುರೆ ಶಕ್ತಿಯೂ ಹೆಚ್ಚುವುದಿಲ್ಲ. ಆಕ್ಟೇನ್ ಎಂದರೆ ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣ, ಅಷ್ಟೇ.

ಈಗ ಬಂಕಿನಲ್ಲಿ ಸಿಗುವ ಇ20, ಅಂದರೆ 20% ಎಥನಾಲ್ ಬೆರೆತ ಪೆಟ್ರೋಲಿಗೆ ನಿಗದಿಯಾಗಿರುವ ಆಕ್ಟೇನೇ 95. ಜೊತೆಗೆ ಈ ಮೂರೂ ಊರುಗಳು ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಮೇಲಿವೆ. ಇಲ್ಲಿ ಗಾಳಿ ಸುಮಾರು 8% ತೆಳು, ಸಿಲಿಂಡರ್ ಅಷ್ಟು ಕಡಿಮೆ ತುಂಬುತ್ತದೆ, ನಾಕಿಂಗ್ (ಪೆಟ್ರೋಲ್ ತಾನಾಗಿ ಹೊತ್ತಿ ಎಂಜಿನ್ ಬಡಿದುಕೊಳ್ಳುವುದು) ಆ ಮಟ್ಟಿಗೆ ದೂರ.

ಎಥನಾಲ್ ಎಷ್ಟಿದೆ, ನೀವೇ ನೋಡಿ

ಪ್ರೀಮಿಯಂ ಎಂಬ ಹೆಸರು ನೋಡಿ ಎಥನಾಲ್ ಇಲ್ಲವೆಂದುಕೊಳ್ಳಬೇಡಿ. 95 ಎಂದು ಮಾರುವ ಪೆಟ್ರೋಲಿನಲ್ಲೂ ಅದು ಇರುತ್ತದೆ. 100 ಮಿಲಿಯ ಗಾಜಿನ ಅಳತೆ ಜಾಡಿಗೆ 10 ಮಿಲಿ ನೀರು, ಮೇಲೆ 90 ಮಿಲಿ ಪೆಟ್ರೋಲ್ ಹಾಕಿ, ಬಾಯಿ ಮುಚ್ಚಿ ಕುಲುಕಿ, ಒಮ್ಮೆ ಗಾಳಿ ಬಿಟ್ಟು, ಹತ್ತು ನಿಮಿಷ ಅಲುಗಿಸದೆ ಇಡಿ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಕೆಳಗಿಳಿಯುತ್ತದೆ. ಕೆಳಗಿನ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. 19ರ ಹತ್ತಿರ ಬಂದರೆ 10%. 25 ದಾಟಿ 28ರ ಆಸುಪಾಸಿಗೆ ಬಂದರೆ 20%. ಒಲೆ, ಸ್ವಿಚ್ಚು, ಬೀಡಿ ಯಾವುದೂ ಹತ್ತಿರವಿಲ್ಲದ ಬಯಲಿನಲ್ಲೇ ಮಾಡಬೇಕು.

ಬಂಕಿನಲ್ಲಿ ಫಿಲ್ಟರ್ ಪೇಪರ್ ಪರೀಕ್ಷೆ ಕೇಳುವ ಹಕ್ಕು ಗ್ರಾಹಕರಿಗಿದೆ. ಒಂದು ಹನಿ ಬಿಟ್ಟರೆ ಕಲೆ ಉಳಿಯದೆ ಆರಬೇಕು. ಅದು ಹಿಡಿಯುವುದು ಸೀಮೆಎಣ್ಣೆ, ಡೀಸೆಲ್ ಬೆರಕೆಯನ್ನು; ಎಥನಾಲನ್ನಲ್ಲ.

ರಬ್ಬರು, ಟ್ಯಾಂಕು

ಟ್ಯಾಂಕಿನಿಂದ ಕಾರ್ಬುರೇಟರಿನವರೆಗಿನ ಹೋಸ್ ಎಲ್ಲವನ್ನೂ ಎಥನಾಲ್ ತಾಳುವ ಇಂಧನ ಹೋಸಿಗೆ (ಮೇಲೆ ‘ಎಸ್‌ಎಇ ಜೆ30 ಆರ್9’ ಎಂದು ಅಚ್ಚಾಗಿರುತ್ತದೆ) ಬದಲಿಸಿ. ಪಂಪಿನ ಡಯಾಫ್ರಂ, ಆಕ್ಸಿಲರೇಟರ್ ಪಂಪಿನ ಡಯಾಫ್ರಂ, ನೀಡಲ್ ವಾಲ್ವಿನ ತುದಿ ಕೂಡ. ಮೀಟರ್ ಲೆಕ್ಕದಲ್ಲಿ ಸಿಗುವ ಅಗ್ಗದ ಕಪ್ಪು ಹೋಸ್ ಕೊಳ್ಳಲೇಬೇಡಿ. ಕೆಲವೇ ತಿಂಗಳಲ್ಲಿ ಒಳಗೆ ಊದಿಕೊಂಡು, ಚೂರು ಕಳಚಿ ಜೆಟ್ಟಿಗೆ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಹಿತ್ತಾಳೆಯ ಸಣ್ಣ ತೂತಿನ ಬಿಡಿಭಾಗ) ಸಿಕ್ಕಿಕೊಳ್ಳುತ್ತದೆ. ಎಥನಾಲ್ ಟ್ಯಾಂಕಿನ ಹಳೇ ಗಸಿಯನ್ನೂ ಎಬ್ಬಿಸುವುದರಿಂದ ಮೊದಲ ಎರಡು ಟ್ಯಾಂಕ್ ಮುಗಿದೊಡನೆ ಫಿಲ್ಟರ್ ಹೊಸದು ಹಾಕಿ.

ಜೆಟ್: ಎಲ್ಲರೂ ಎಡವುವ ಜಾಗ

ಒಂದು ಕೆಜಿ ಶುದ್ಧ ಪೆಟ್ರೋಲ್ ಉರಿಯಲು 14.7 ಕೆಜಿ ಗಾಳಿ ಬೇಕು. ಇ20ಗೆ ಸುಮಾರು 13.5 ಕೆಜಿ ಸಾಕು, ಏಕೆಂದರೆ ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಇದೆ. ಕಾರ್ಬುರೇಟರಿಗೆ ಇದು ತಿಳಿಯುವುದಿಲ್ಲ, ಅದೇ ತೂತಿನಿಂದ ಅಷ್ಟೇ ಬಿಡುತ್ತದೆ. ಹೀಗಾಗಿ ಮಿಶ್ರಣ ಸುಮಾರು 8% ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಇರುವುದಿಲ್ಲ. ಚೋಕ್ ಎಳೆದೇ ಬಹಳ ಹೊತ್ತು ಓಡಿಸಬೇಕಾಗುವುದು, ಪಿಕಪ್ ಕೊಟ್ಟಾಗ ಒಂದು ಕ್ಷಣ ಸತ್ತಂತಾಗುವುದು, ಕಾರ್ಬುರೇಟರಿನೊಳಗೇ ‘ಫಟ್’ ಎನ್ನುವುದು, ಏರಿನಲ್ಲಿ ಕಾವು ಹೆಚ್ಚುವುದು, ಇವೆಲ್ಲ ತೆಳು ಮಿಶ್ರಣದ ಗುರುತು. ಇದನ್ನು ನೋಡಿ ಪಾಯಿಂಟ್, ಕಾಯಿಲ್, ಪ್ಲಗ್ ಎಲ್ಲ ಬದಲಿಸಿ, ಕೊನೆಗೆ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಹಿಂದಕ್ಕೆ ಎಳೆದು ಎಂಜಿನ್ನನ್ನು ಇನ್ನಷ್ಟು ಕಾಯಿಸುವುದೇ ಹೆಚ್ಚು.

ಸೋಲೆಕ್ಸ್, ವೆಬರ್ ಜೆಟ್ಟಿನ ಮೇಲಿನ ಸಂಖ್ಯೆ ತೂತಿನ ವ್ಯಾಸ: 120 ಎಂದರೆ 1.20 ಮಿಮೀ. 125 ಹಾಕಿದರೆ ವ್ಯಾಸ 4% ಹೆಚ್ಚಿದರೂ ತೂತಿನ ವಿಸ್ತೀರ್ಣ 8.5% ಹೆಚ್ಚುತ್ತದೆ. ಅಂದರೆ ಇ20ರ ಕೊರತೆ ತುಂಬಿತು. ಆದರೆ ಇದು ಸಮುದ್ರಮಟ್ಟದ ಲೆಕ್ಕ. 800 ಮೀಟರ್ ಎತ್ತರದಲ್ಲಿ ಗಾಳಿ ತೆಳುವಾದ್ದರಿಂದ ಕಾರ್ಬುರೇಟರ್ ತಾನಾಗಿಯೇ ಸುಮಾರು 4% ದಪ್ಪ ಮಿಶ್ರಣ ಕೊಡುತ್ತದೆ. ಅರ್ಧ ಕೊರತೆ ಅಲ್ಲೇ ತೀರಿತು. ಹಾಗಾಗಿ ಇಲ್ಲಿಗೆ ಸರಿಹೊಂದುವುದು 122 ಅಥವಾ 122.5. ಮಿಕುನಿ ಜೆಟ್ಟಿನ ಸಂಖ್ಯೆ ವ್ಯಾಸವಲ್ಲ, ಹರಿವಿನ ಅಳತೆ. ಅದಕ್ಕೆ ಈ ಲೆಕ್ಕ ಹಾಕಬೇಡಿ.

ತೂತನ್ನು ಸೂಜಿಯಿಂದ, ಕ್ಲಚ್ ವೈರಿನ ಎಳೆಯಿಂದ ಕೆರೆದು ದೊಡ್ಡದು ಮಾಡುವುದು ಕೂಡದು. ಹಿತ್ತಾಳೆ ಮೆತ್ತಗಿನದು, ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಅಂಚಿನಲ್ಲಿ ಮುಳ್ಳೇಳುತ್ತದೆ, ಆಮೇಲೆ ಸಂಖ್ಯೆಗೆ ಅರ್ಥವೇ ಇಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ಅಳತೆಯ ಜೆಟ್ಟೇ ತನ್ನಿ. ಜೋಡಿ ಕಾರ್ಬುರೇಟರಿಗೆ ಎರಡೂ ಒಂದೇ ತಯಾರಿಕೆಯದಾಗಿರಲಿ. ಐಡಲ್ ಮಿಕ್ಸ್‌ಚರ್ ಸ್ಕ್ರೂವನ್ನು ಕಾಲು ಸುತ್ತಿನಿಂದ ಅರ್ಧ ಸುತ್ತು ಹೊರಕ್ಕೆ ತೆಗೆದರೆ ಐಡಲಿಂಗ್ ನೆಲೆ ನಿಲ್ಲುತ್ತದೆ.

ಸರಿಹೋಯಿತೇ ಎಂದು ಪ್ಲಗ್ ಹೇಳುತ್ತದೆ. ಹೊಸ ಪ್ಲಗ್ ಹಾಕಿ, ಖಾಲಿ ರಸ್ತೆಯ ಏರಿನಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿ ಓಡಿಸಿ, ಕ್ಲಚ್ ತುಳಿದು, ಇಗ್ನಿಷನ್ ಆಫ್ ಮಾಡಿ ಬದಿಗೆ ನಿಲ್ಲಿಸಿ. ಕೀಯನ್ನು ಲಾಕ್‌ವರೆಗೆ ತಿರುಗಿಸಬೇಡಿ. ಬೂಸ್ಟರ್ ಇದ್ದರೆ ಬ್ರೇಕ್ ಗಟ್ಟಿಯಾಗುತ್ತದೆ, ನೆನಪಿರಲಿ. ಪ್ಲಗ್ ಬಿಚ್ಚಿ ಪಿಂಗಾಣಿಯ ಬುಡ ನೋಡಿ. ಹಳೇ ಪೆಟ್ರೋಲಿನ ಕಾಲದ ಗಾಢ ಕಂದು ಈಗ ನಿರೀಕ್ಷಿಸಬೇಡಿ, ಎಥನಾಲ್ ಇದ್ದಾಗ ಬಣ್ಣ ತಿಳಿಯಾಗಿಯೇ ಇರುತ್ತದೆ. ಹಾಲು ಹೆಚ್ಚಾದ ಕಾಫಿಯ ಬಣ್ಣ ಸರಿ. ಸುಣ್ಣದಂತೆ ಬೆಳ್ಳಗಿದ್ದು ಮೇಲೆ ಸಣ್ಣ ಮಣಿಗಳು ಕಂಡರೆ ಇನ್ನೂ ತೆಳು, ಹಾಗೇ ಓಡಿಸಬೇಡಿ. ಮಸಿ ಕಟ್ಟಿದ್ದರೆ ಒಂದು ಸಂಖ್ಯೆ ಇಳಿಸಿ.

ಇಂಜೆಕ್ಷನ್, ಆಕ್ಸಿಜನ್ ಸೆನ್ಸರ್ ಇರುವ ಎಂಜಿನ್ನಾದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಾನೇ ಹೊಂದಿಸಿಕೊಳ್ಳುತ್ತದೆ, ರಬ್ಬರು ನೋಡಿಕೊಂಡರಾಯಿತು.

ಟೈಮಿಂಗ್ ಕೊನೆಗೆ

ವ್ಯಾಕ್ಯೂಮ್ ಪೈಪ್ ಕಳಚಿ, ಬಾಯಿ ಮುಚ್ಚಿ, ಟೈಮಿಂಗ್ ಲೈಟಿನಿಂದ ಮ್ಯಾನ್ಯುಯಲ್ಲಿನ ಅಳತೆಗೆ ತನ್ನಿ. ದೇವರಾಯನದುರ್ಗದ ದಾರಿಯಂಥ ಏರಿನಲ್ಲಿ, ಟಾಪ್ ಗೇರಿನಲ್ಲಿ, 40 ಕಿಮೀ ವೇಗದಿಂದ ಪೂರ್ತಿ ಒತ್ತಿ. ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂಥ ಸದ್ದು, ಅಂದರೆ ನಾಕಿಂಗ್, ಬಂದರೆ 2 ಡಿಗ್ರಿ ಹಿಂದಕ್ಕೆ. ಡಿಸ್ಟ್ರಿಬ್ಯೂಟರ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಅದನ್ನು 1 ಡಿಗ್ರಿ ತಿರುಗಿಸಿದರೆ ಕ್ರ್ಯಾಂಕಿನಲ್ಲಿ 2 ಡಿಗ್ರಿ. ನಾಲ್ಕು ಡಿಗ್ರಿ ತೆಗೆದರೂ ಸದ್ದು ನಿಲ್ಲದಿದ್ದರೆ ಆಗ 100 ಆಕ್ಟೇನ್ ಹುಡುಕಿ. ಹೊರಡುವ ಮುಂಚೆ ಬಂಕಿಗೆ ಫೋನ್ ಮಾಡಿ ಕೇಳಿ, ತಂದದ್ದನ್ನು ಜಾಡಿಯಲ್ಲಿ ಪರೀಕ್ಷಿಸಿ. ಎಥನಾಲ್ ಇಲ್ಲದಿದ್ದರೆ ಹಳೇ ಜೆಟ್ ವಾಪಸ್ ಹಾಕಬೇಕು.

ಆಕ್ಟೇನ್ ಬೂಸ್ಟರ್ ಬಾಟಲಿಯ ಮೇಲಿನ ‘30 ಪಾಯಿಂಟ್’ ಎಂದರೆ ಮೂರು ಆಕ್ಟೇನ್ ಮಾತ್ರ. ಕೆಲವುಗಳಲ್ಲಿ ಮ್ಯಾಂಗನೀಸ್ ಇದ್ದು ಪ್ಲಗ್ಗಿನ ಮೇಲೆ ಕೆಂಪು ಪುಡಿ ಕೂರಿಸುತ್ತದೆ. ನುಸಿಗುಳಿಗೆ ಕರಗಿಸುವುದು ಇನ್ನೂ ಕೆಟ್ಟದ್ದು: ಪೆಟ್ರೋಲ್ ಆರಿದಾಗ ಅದು ಹರಳುಗಟ್ಟಿ ಜೆಟ್ ಮುಚ್ಚುತ್ತದೆ.

ಅಂಬಾಸಿಡರಿನ 1489 ಸಿಸಿ ಎಂಜಿನ್ ಇರುವ ಹಳೇ ಕಾಂಟೆಸಾದವರು ಇನ್ನೊಂದು ಗಮನಿಸಿ. ದೇಶದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ರ ಫೆಬ್ರುವರಿಯಲ್ಲಿ. ಆ ಸೀಸವೇ ಬೀಡು ಹೆಡ್ಡಿನ ಎಕ್ಸಾಸ್ಟ್ ಸೀಟಿಗೆ (ಹೊಗೆ ಬಿಡುವ ವಾಲ್ವ್ ಕೂರುವ ಜಾಗ) ಮೆತ್ತೆಯಾಗಿತ್ತು. ಟ್ಯಾಪೆಟ್ ಅಂತರ (ವಾಲ್ವನ್ನು ಒತ್ತುವ ಭಾಗಕ್ಕೂ ವಾಲ್ವಿಗೂ ನಡುವಿನ ಸಂದು) ಪದೇಪದೇ ಕಡಿಮೆಯಾಗುತ್ತಿದ್ದರೆ ಸೀಟು ಒಳಕ್ಕೆ ಇಳಿಯುತ್ತಿದೆ ಎಂದರ್ಥ. ಗಟ್ಟಿ ಸೀಟ್ ಇನ್ಸರ್ಟ್ ಹಾಕಿಸಿ. ಯಾವ ಪೆಟ್ರೋಲೂ ಅದನ್ನು ಸರಿಪಡಿಸುವುದಿಲ್ಲ.

ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ತುಂಬಿಸಿಡಿ, ತೇವ ಹೀರಲು ಗಾಳಿಗೆ ಜಾಗವಿರಬಾರದು. ಕಾರ್ಬುರೇಟರಿನ ಬೌಲ್ ಮಾತ್ರ ಖಾಲಿ ಮಾಡಿ.

ಶಿರಾಡಿ ಇಳಿದು ಮಂಗಳೂರಿನ ಕಡೆಗೆ ಹೊರಟರೆ ಇಲ್ಲಿನ 122 ಅಲ್ಲಿ ತೆಳುವಾಗುತ್ತದೆ, ದಟ್ಟ ಗಾಳಿಗೆ ನಾಕಿಂಗೂ ಬರುತ್ತದೆ. 125ರ ಜೆಟ್, ಅದಕ್ಕೆ ಹೊಂದುವ ಸ್ಕ್ರೂಡ್ರೈವರ್ ಡ್ಯಾಶ್‌ಬೋರ್ಡಿನಲ್ಲಿರಲಿ. ಘಟ್ಟ ಇಳಿದ ಮೇಲೆ ಎಂಜಿನ್ ತಣ್ಣಗಾಗಲು ಬಿಟ್ಟು ಬದಲಿಸಿ, ಟೈಮಿಂಗ್ 2 ಡಿಗ್ರಿ ಹಿಂದಕ್ಕೆ ತಂದು ಮುಂದೆ ಹೋಗಿ.